ನವೆಂಬರದಲ್ಲಿ ಮಾತಾಡಿದ ತಾಜಬೀ

“ಇನ್ನೊಮ್ಮೆ ಹಚ್ರಿ,” ಎಂದ ಯಮನೂರಸಾಬ.

ಸುರೇಖಾ ಆಗಲೇ ಎರಡು ಸಲ ಕೇಳಿಸಿದ್ದಳು. ಬೇವೂರಿನ ಆ ಮನೆಯ ಪಡಸಾಲೆಯಲ್ಲಿ, ಅರ್ಧ ಹೊಲಿದ ಗಾದಿಯ ಮೇಲೆ ಅವಳ ಫೋನು ಇತ್ತು. ಯಮನೂರಸಾಬನ ಬೆರಳುಗಳ ನಡುವೆ ಗಾದಿ ಹೊಲಿಯುವ ಗೇಣುದ್ದದ ಸೂಜಿ. ಅದನ್ನು ಕೆಳಗಿಡುವುದು ಅವನಿಗೆ ಮರೆತೇ ಹೋಗಿತ್ತು. ಹುಬ್ಬಿನ ಮೇಲೆ, ಗಡ್ಡದಲ್ಲಿ ಅರಳೆಯ ಎಳೆಗಳು ಸಿಕ್ಕಿಕೊಂಡಿದ್ದವು.

ಅವಳು ಮೂರನೇ ಸಲ ಒತ್ತಿದಳು.

“ನಾನು ತಾಜಬೀ, ಬೇವೂರು. ಇದು ನವೆಂಬರ್ ತಿಂಗಳು. ನಾನು ಮನಿಯಾಗ ಅದೀನಿ. ಊಟ ಸೇರ್ತೈತಿ. ನಿದ್ದಿ ಬರ್ತೈತಿ. ನೋವಿಲ್ಲ. ಗುಳಿಗಿ ಬಿಡದ ತೊಗೊಳ್ಳಾಕತ್ತೀನಿ.”

ಹದಿನಾರು ಸೆಕೆಂಡು. ಅಷ್ಟೇ.

“ಆಕಿ ದನಿನ ಐತ್ರಿ,” ಎಂದ ತಾಜಬೀಯ ಗಂಡ ಯಮನೂರಸಾಬ. “ಯಾರೋ ಅಣಕಿಸಿದ್ದಲ್ಲ ಇದು. ಗುಳಿಗಿ ಅನ್ನುವಾಗ ನಾಲಿಗಿ ತೊಡರತೈತಿ ನೋಡ್ರಿ. ಕಡೀಕಡೀಕ ಬಾಯಿ ತುಂಬ ಹುಣ್ಣಾಗಿದ್ವು.”

“ಆಕಿ ತೀರಿಕೊಂಡಿದ್ದು ಯಾವತ್ತು?”

“ಜೂನ್ ಹನ್ನೊಂದಕ್ಕ. ಬಕ್ರೀದ್ ಆಗಿ ನಾಕ ದಿನಕ್ಕ. ಈ ಕೈಲೆ ಮಣ್ಣ ಹಾಕೀನಿ.” ಅವನು ಕೈ ಮುಂದೆ ಚಾಚಿದ. ಸೂಜಿ ಇನ್ನೂ ಅದರಲ್ಲೇ ಇತ್ತು.

ಹನ್ನೊಂದು ದಿನಗಳ ಹಿಂದೆ ಸಾಣಾಪುರದ ಕೆರೆಯಲ್ಲಿ ಹೆಣವಾಗಿ ತೇಲಿದ ಕೊಟ್ರೇಶನ ಮೋಟರ್‌ಸೈಕಲ್ಲಿನ ಸೀಟಿನಡಿ ಸುರೇಖಾಳಿಗೆ ಒಂದು ಪೆನ್‌ಡ್ರೈವ್ ಸಿಕ್ಕಿತ್ತು. ಅದರಲ್ಲಿದ್ದ ನಲವತ್ತೊಂದು ದನಿಗಳಲ್ಲಿ ಇದು ಒಂದು. ಕೊಟ್ರೇಶ ವಿಶ್ವವಿದ್ಯಾಲಯದ ಕ್ಯಾನ್ಸರ್ ಸಂಶೋಧನಾ ಮತ್ತು ಚಿಕಿತ್ಸಾ ಕೇಂದ್ರದಲ್ಲಿ ಕೆಲಸಕ್ಕಿದ್ದ. ಹೊಸ ಗುಳಿಗೆಯ ಪ್ರಯೋಗಕ್ಕೆ ಸೇರಿದ ರೋಗಿಗಳನ್ನು ವಿಚಾರಿಸಿಕೊಳ್ಳುವುದು ಅವನ ಹೊಣೆ. ಕಾಲು ಜಾರಿ ಬಿದ್ದ ಎಂದು ಪೊಲೀಸರು ಬರೆದುಕೊಂಡರು. ಆದರೆ ಅವನ ಕನ್ನಡಕ ಮಡಿಚಿ, ಡಬ್ಬಿಗೆ ಹಾಕಿ, ಅಂಗಿಯ ಕಿಸೆಯಲ್ಲಿತ್ತು. ಕಾಲು ಜಾರುವವನು ಮೊದಲು ಕನ್ನಡಕ ಮಡಿಚಿ ಇಡುವುದಿಲ್ಲ.

ಅವನ ಹೆಂಡತಿ ವಾಣಿಶ್ರೀ ಗಂಗಾವತಿಯ ಹೈಸ್ಕೂಲೊಂದರಲ್ಲಿ ಶಿಕ್ಷಕಿ. ಸುರೇಖಾಳನ್ನು ಹುಡುಕಿಕೊಂಡು ಬಂದದ್ದು ಅವಳೇ. ಸುರೇಖಾ ಹದಿನಾಲ್ಕು ವರ್ಷ ಕುಷ್ಟಗಿ, ಯಲಬುರ್ಗಾ ಠಾಣೆಗಳಲ್ಲಿ ದುಡಿದು, ಕೆಲಸ ಬಿಟ್ಟು, ಕೊಪ್ಪಳದ ಸ್ಟೇಷನ್ ರಸ್ತೆಯಲ್ಲಿ ಖಾಸಗಿ ತನಿಖೆಯ ಕಚೇರಿ ತೆರೆದವಳು.

“ಕಡೀಕ ಒಂದು ಸಪ್ಪಳ ಐತಿ,” ಎಂದಳು ಸುರೇಖಾ. “ಕೇಳಿದ್ರೇನು?”

“ಇಲ್ರಿ.”

“ಎಲ್ಲಾದರಾಗೂ ಹಿಂಗ ಐತಿ. ಮಾತ ಮುಗದ ಮ್ಯಾಲೆ ಯಾರೋ ಕತ್ತರಿಸ್ಯಾರ. ಪೂರಾ ಕತ್ತರಿಸಾಕ ಆಗಿಲ್ಲ.”

ರಾತ್ರಿಯೇ ಅವಳು ಆ ತುದಿಯನ್ನು ಬೇರೆ ಮಾಡಿ, ನಿಧಾನಗೊಳಿಸಿ ಇಟ್ಟುಕೊಂಡಿದ್ದಳು. ಈಗ ಅದನ್ನು ಹಚ್ಚಿದಳು. ಮೊದಲು ಉಸಿರು. ಆಮೇಲೆ ಮೂರೇ ಅಕ್ಷರ.

“ಈಗ ಕೊ…”

ಯಮನೂರಸಾಬ ಸೂಜಿಯನ್ನು ಕೆಳಗಿಟ್ಟ.

ಬೀದಿಯಲ್ಲಿ ಸೊಪ್ಪು ಮಾರುವವಳು ಕೂಗಿಕೊಂಡು ಹೋದಳು. ಅವಳ ದನಿ ಓಣಿ ದಾಟಿ ಕರಗುವವರೆಗೂ ಅವನು ಫೋನನ್ನೇ ನೋಡುತ್ತ ಕುಳಿತಿದ್ದ.

“ಈಗ ಕೊಡ್ರಿ,” ಎಂದ. “ಪೂರಾ ಮಾತು ಅದು. ಈಗ ಕೊಡ್ರಿ.”

“ನಿಮಗ ಹೆಂಗ ಗೊತ್ತು?”

“ಮೂರು ವಾರ ಕೇಳೀನ್ರಿ. ಆಕಿನ್ನ ಮೂರನೇ ಮಜಲಿನ್ಯಾಗ ಹಾಕಿದ್ರು. ಸಂಶೋಧನಾ ವಾರ್ಡು, ಮನಿ ಮಂದಿಗೆ ಸಂಜಿ ನಾಕರಿಂದ ಐದರತನಕ ಅಷ್ಟ ಒಳಗ ಬಿಡ್ತಿದ್ರು. ಉಳದ ಹೊತ್ತು ನಾ ಮೆಟ್ಟಲ ಮ್ಯಾಲೆ ಕುಂತಿರ್ತಿದ್ದೆ. ಮುಂಜಾನಿ ಆತಂದ್ರ ಒದರಾಕ ಸುರು ಮಾಡ್ತಿದ್ಲು. ಈಗ ಕೊಡ್ರಿ, ಈಗ ಕೊಡ್ರಿ. ನಾ ನರ್ಸಮ್ಮನ್ನ ಕೇಳಿದೆ, ಏನ ಬೇಡಾಕತ್ಯಾಳಂತ. ನೀರ ಅಂದ್ಲು.”

“ನೀರು?”

“ಹೂಂ. ನಾ ಓಡಿ ಹೋಗಿ ನೀರ ತರ್ತಿದ್ದೆ. ಕೆಳಗ ಯಂತ್ರ ಐತಲ್ರಿ, ಅಲ್ಲಿಂದ. ಬಾಟ್ಲಿ ತುಂಬಿ ತುಂಬಿ ಬಾಗಲ್ದಾಗ ಕೊಡ್ತಿದ್ದೆ. ಅವ್ರು ತೊಗೊಂಡು ಬಾಗಲ ಹಾಕ್ತಿದ್ರು. ಆಕಿ ಮತ್ತ ಒದರ್ತಿದ್ಲು. ಇಷ್ಟ್ಯಾಕ ನೀರಡಿಕಿ ಅಂತ ನಾ ಮತ್ತ ಓಡ್ತಿದ್ದೆ.”

ಸುರೇಖಾ ತಲೆ ತಗ್ಗಿಸಿದಳು.

“ನೋವಿನ ಔಷಧಿ ಕೊಡ್ರಿ ಅಂತ ನೀವು ಕೇಳಲಿಲ್ಲೇನು?”

“ಕೇಳಿದೆ. ಮುಗದೈತಿ, ಬರಬೇಕು ಅಂದ್ರು. ನಾಳಿ ಬರ್ತೈತಿ ಅಂದ್ರು. ಕೊಟ್ರೇಶಪ್ಪನ ಬಂದು ನನ್ನ ಕೈ ಹಿಡದು ಹೇಳಿದ, ಚಾಚಾ ತಡೀರಿ, ನಾ ಅದೀನಿ ಅಂತ.” ಅವನು ಮುಖ ಒರೆಸಿಕೊಂಡ. “ಆಕಿ ಹೋದಮ್ಯಾಲೆ ಆಗಸ್ಟನ್ಯಾಗ ಒಮ್ಮಿ ಮನಿಗೂ ಬಂದಿದ್ದ. ನೀವು ಕುಂತ ಜಾಗಾದಾಗ ಕುಂತಿದ್ದ. ಏನೂ ಮಾತಾಡ್ಲಿಲ್ಲ. ಅತ್ತ. ಭಾಳ ಅತ್ತ. ನಾನ ಸಮಾಧಾನ ಮಾಡಿ ಕಳಿಸಿದೆ. ಅಂಥಾವ ಕೆರ್‍ಯಾಗ ಬಿದ್ದ ಸತ್ತ ನೋಡ್ರಿ.”

ಅವಳು ಎದ್ದಳು. ಅವನು ಬಾಗಿಲವರೆಗೆ ಬಂದ.

“ಮೇಡಂ, ಆಕಿ ಬೇಡಿದ್ದು ನೀರಲ್ಲಂತ ನನಗ ಇವತ್ತ ತಿಳೀತು. ತಿಳೀದಿದ್ರ ಛಲೋ ಇತ್ತು.”

ಸುರೇಖಾ ಕಾರು ಹತ್ತಿ ಕೇಂದ್ರದ ದಾರಿ ಹಿಡಿದಳು.

*

ಕೇಂದ್ರವು ಕೊಪ್ಪಳದಿಂದ ಗಂಗಾವತಿಗೆ ಹೋಗುವ ದಾರಿಯಲ್ಲಿ, ಹೆದ್ದಾರಿಯ ಪಕ್ಕಕ್ಕೇ ಇತ್ತು. ಐದು ಅಂತಸ್ತು. ಮುಂಬಾಗಿಲ ಮೇಲೆ ವಿಶ್ವವಿದ್ಯಾಲಯದ ಲಾಂಛನ. ಎದುರಿಗೆ ತಗಡಿನ ಚಪ್ಪರದಡಿ ಚಾಪೆ ಹಾಸಿಕೊಂಡ ಮಂದಿ, ಬುತ್ತಿಗಂಟು, ಎಕ್ಸ್‌ರೇ ಹಾಳೆಯ ದೊಡ್ಡ ಲಕೋಟೆಗಳು. ಒಬ್ಬ ಹೆಂಗಸು ಬೋಳುತಲೆಗೆ ಸೆರಗು ಸುತ್ತಿಕೊಂಡು ಮಂಡಕ್ಕಿ ತಿನ್ನುತ್ತಿದ್ದಳು.

ಕಾರು ನಿಲ್ಲಿಸಿ ಸುರೇಖಾ ಪಟ್ಟಿಯನ್ನು ಇನ್ನೊಮ್ಮೆ ನೋಡಿದಳು. ನಲವತ್ತೊಂದು ದನಿಗಳು ಆರು ಮಂದಿಯವು. ಕುಷ್ಟಗಿಯ ಇಬ್ಬರು, ಹನುಮನಹಳ್ಳಿಯ ಒಬ್ಬ, ಗಂಗಾವತಿಯ ಒಬ್ಬಳು, ಬೇವೂರಿನ ತಾಜಬೀ. ಐವರೂ ಸತ್ತಿದ್ದರು. ಸತ್ತ ಮೇಲೂ ತಿಂಗಳು ತಿಂಗಳು ತಪ್ಪದೆ “ನಾನು ಆರಾಮ ಅದೀನಿ” ಎನ್ನುತ್ತಿದ್ದರು.

ಆರನೆಯದು ಯಲಬುರ್ಗಾದ ಶಿವಬಸಮ್ಮ. ಅವಳು ಸತ್ತ ದಾಖಲೆ ಎಲ್ಲೂ ಸಿಕ್ಕಿರಲಿಲ್ಲ. ಇದು ಡಿಸೆಂಬರ್. ಅವಳ ದನಿ ಮುಂದಿನ ಏಪ್ರಿಲ್‌ವರೆಗೆ ತಯಾರಾಗಿತ್ತು.

ಅಂದರೆ ಅವಳು ಏಪ್ರಿಲ್ ಕಾಣುವುದಿಲ್ಲ ಎಂದು ಯಾರೋ ಆಗಲೇ ನಿರ್ಧರಿಸಿದ್ದರು.

*

ಪ್ರಯೋಗದ ಮುಖ್ಯಸ್ಥ ಡಾಕ್ಟರ್ ರುದ್ರೇಶ ಊಟ ಮಾಡುತ್ತಿದ್ದ. ಐವತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ ಮನುಷ್ಯ. ಸ್ಟೀಲಿನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಮುಚ್ಚಳದಲ್ಲಿ ಶೇಂಗಾ ಹಿಂಡಿ.

“ಕೂಡ್ರಿ ಮೇಡಂ. ಉಣ್ಣಕೋತ ಮಾತಾಡ್ತೀನಿ. ಎರಡಕ್ಕ ರೋಗಿಗಳನ್ನ ನೋಡಬೇಕು.”

ಅವಳು ಫೋನನ್ನು ಡಬ್ಬಿಯ ಪಕ್ಕಕ್ಕಿಟ್ಟು ಹಚ್ಚಿದಳು. ತಾಜಬೀ ತನ್ನ ಹದಿನಾರು ಸೆಕೆಂಡು ಮಾತಾಡಿದಳು. ರುದ್ರೇಶ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ಜೂನದಾಗ ಸತ್ತಾಕಿ ನವೆಂಬರದಾಗ ಹೆಂಗ ಮಾತಾಡಿದ್ಲು?”

“ಮಾತಾಡಿಲ್ಲ,” ಎಂದ ಅವನು. “ಮೇ ತಿಂಗಳದಾಗ ಮಾತಾಡ್ಯಾಳ. ಅಷ್ಟು ತಿಳ್ಕೊಂಡನ ನೀವು ಬಂದೀರಿ. ಮುಂದ ಕೇಳ್ರಿ.”

ಇಷ್ಟು ಬೇಗ ಒಪ್ಪಿಕೊಂಡಾನೆಂದು ಅವಳು ಎಣಿಸಿರಲಿಲ್ಲ.

“ಯಾಕ ಹೇಳಿಸಿದ್ರಿ?”

“ಪ್ರಯೋಗದಾಗ ಅರವತ್ತೆರಡು ಮಂದಿ ಅದಾರ. ರೋಗಿ ಹನ್ನೆರಡು ತಿಂಗಳು ಜೀವಂತ ಇದ್ರ ಗುಳಿಗಿ ಗೆದ್ದಂಗ. ತಿಂಗಳಿಗೊಮ್ಮೆ ನಾವು ಫೋನ್ ಮಾಡಬೇಕು, ರೋಗಿ ತನ್ನ ಬಾಯಿಲೆ ಹೇಳಬೇಕು, ಅದು ಯೂನಿವರ್ಸಿಟಿ ಕಮಿಟಿಗೆ ಹೋಗಬೇಕು. ಕಾಗದ ಯಾರು ಬೇಕಾದ್ರೂ ಬರೀತಾರ, ದನಿ ಸುಳ್ಳ ಹೇಳಂಗಿಲ್ಲ ಅಂತ ಕಮಿಟಿಯವ್ರ ಲೆಕ್ಕ.”

“ಐದು ಮಂದಿ ಸತ್ತಾರ.”

“ಐದು ಮಂದಿ ತಡೀಲಿಲ್ಲ.” ಅವನು ಹಿಂಡಿಯನ್ನು ಬೆರಳ ತುದಿಯಿಂದ ಒತ್ತಿ ತೆಗೆದುಕೊಂಡ. “ಗುಳಿಗಿ ಛಲೋ ಐತಿ ಮೇಡಂ. ನಮ್ಮ ಮಂದಿ ತಡಿಯಂಗಿಲ್ಲ. ಗಂಟು ಕಂಡು ಒಂದು ವರ್ಷ ಮುಚ್ಚಿಟ್ಟು, ಪೂರಾ ಹಬ್ಬಿದ ಮ್ಯಾಲೆ ಬರ್ತಾರ. ಅದು ಗುಳಿಗಿ ತಪ್ಪೇನು? ಐದು ಮಂದಿ ಸಲವಾಗಿ ಇದನ್ನ ಕಸದಬುಟ್ಟಿಗೆ ಒಗದ್ರ, ನಾಳೆ ಬದುಕಬೇಕಾದ ಐದು ಸಾವಿರ ಮಂದಿ ಸಾಯ್ತಾರ.”

ಅವನು ಇದನ್ನು ಮನಸಾರೆ ನಂಬಿದ್ದ. ಅದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಸುಳ್ಳುಗಾರರನ್ನು ಅವಳು ಹದಿನಾಲ್ಕು ವರ್ಷ ನೋಡಿದ್ದಳು. ಅವರ ಜೊತೆ ಮಾತಾಡುವುದು ಇದಕ್ಕಿಂತ ಸುಲಭವಿತ್ತು.

ಅವಳು ಕತ್ತರಿಸಿದ ತುದಿಯನ್ನು ಹಚ್ಚಿದಳು.

“ಈಗ ಕೊ…”

ರುದ್ರೇಶ ಮೊದಲ ಸಲ ಅಗಿಯುವುದನ್ನು ನಿಲ್ಲಿಸಿದ.

“ಏನ ಕೊಡ್ರಿ ಅಂತಾಳ ಡಾಕ್ಟ್ರ?”

“ನಿಮಗ ಗೊತ್ತೈತಿ.”

“ನೀವು ಹೇಳ್ರಿ.”

“ಮಾರ್ಫಿನ್. ನೋವು ಇಳಿಸೋ ಔಷಧಿ.”

“ಅದನ್ನ ಹಿಡ್ಕೊಂಡು, ಮೊದಲ ನವೆಂಬರ್ ಅನ್ನು, ಆಮೇಲೆ ಕೊಡ್ತೀನಿ ಅಂತ ನಿಂತಾಂವ ಯಾರು?”

ರುದ್ರೇಶ ಎದ್ದು ಮೂಲೆಯ ಬೇಸಿನ್ನಿನಲ್ಲಿ ಬೆರಳು ತೊಳೆದ. ಒಂದೊಂದೇ ಬೆರಳನ್ನು ಒರೆಸಿಕೊಂಡ. ಗೋಡೆಗಪಾಟಿನಿಂದ ಉದ್ದನೆಯ ಒಂದು ಪುಸ್ತಕ ತೆಗೆದು ಅವಳ ಮುಂದೆ ತೆರೆದ.

“ಈ ಔಷಧಿಗೆ ಕಾನೂನು ಕಠಿಣ. ಕಪಾಟಿನ ಕೀಲಿ ನನ್ನ ಹತ್ರ ಇರ್ತೈತಿ. ನಾ ತಗದು ಕೊಟ್ಟಾಗ ಒಂದು ಸಹಿ, ರೋಗಿಗೆ ಕುಡಿಸಿದಾಗ ಇನ್ನೊಂದು. ನೋಡ್ರಿ. ಮೇ ಇಪ್ಪತ್ತು. ನಾ ತಗದು ಕೊಟ್ಟಿದ್ದು ಮುಂಜಾನಿ ಎಂಟಕ್ಕ. ತಾಜಬೀ ಬಾಯಿಗೆ ಬಿದ್ದಿದ್ದು ಹನ್ನೊಂದಕ್ಕ. ಇಪ್ಪತ್ತೊಂದು, ಎಂಟಕ್ಕ ಮತ್ತ ಹನ್ನೊಂದೂವರಿ. ಇಪ್ಪತ್ತೆರಡು, ಎಂಟಕ್ಕ ಮತ್ತ ಹನ್ನೆರಡು. ನಡಕಿನ ಹೊತ್ತು ಬಾಟ್ಲಿ ಯಾರ ಕೈಯಾಗಿತ್ತು, ಸಹಿ ಓದ್ರಿ.”

ಅವಳು ಓದಿದಳು. ದುಂಡನೆಯ, ಅಚ್ಚುಕಟ್ಟಾದ ಅಕ್ಷರ.

ಕೊಟ್ರೇಶ.

ಪುಟ ತಿರುಗಿಸಿದಳು. ಕೊಟ್ರೇಶ. ಮತ್ತೆ ತಿರುಗಿಸಿದಳು. ಹನುಮನಹಳ್ಳಿಯವನ ಪುಟ, ಕುಷ್ಟಗಿಯವರ ಪುಟ. ಎಲ್ಲ ಕಡೆ ಅದೇ ಸಹಿ, ಎಲ್ಲ ಕಡೆ ಅದೇ ಮೂರು ನಾಲ್ಕು ತಾಸಿನ ಅಂತರ.

“ನೀವು ಹೇಳಿ ಮಾಡಿಸೀರಿ,” ಎಂದಳು. ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು.

“ಮುಂದಿನ ತಿಂಗಳದ್ದು ಈಗ ಹೇಳಿಸಿ ಇಡು ಅಂದಿದ್ದು ನಾನ. ಹೆಂಗ ಅಂತ ಹೇಳಿಲ್ಲ. ಮೊದಲ ಸುಮ್ಮನ ಕೇಳಿ ನೋಡಿದ. ಮಂದಿ ಒಲ್ಲೆ ಅಂದ್ರು, ಸಾಯೋತನಕ ಸುಳ್ಳ್ಯಾಕ ಹೇಳಿಸ್ತೀ ಅಂದ್ರು. ಒಂದಿನ ಇದೇ ಕುರ್ಚಿ ಮ್ಯಾಲೆ ಕುಂತು ಹೇಳಿದ. ಸರ್, ಔಷಧಿ ಕುಡದ ಮ್ಯಾಲೆ ನಿದ್ದಿ ಹತ್ತತಾವ, ಕುಡಿಯೋಕ ಮೊದಲ ಸ್ಪಷ್ಟ ಮಾತಾಡ್ತಾವ.”

“ಮಾತಾಡ್ತಾವ,” ಎಂದಳು ಸುರೇಖಾ.

“ಅವನ ಮಾತು ಅದು. ನಂದಲ್ಲ.”

“ನೀವು ಏನಂದ್ರಿ?”

“ನಾ ಏನೂ ಅನ್ನಲಿಲ್ಲ.”

ಅವನು ಪುಸ್ತಕ ಮುಚ್ಚಿದ. ಸುರೇಖಾಳ ಕಣ್ಣ ಮುಂದೆ ಬೇವೂರಿನ ಪಡಸಾಲೆ ಬಂತು. ಅಲ್ಲಿ ಕುಳಿತು ಅಳುತ್ತಿದ್ದ ಕೊಟ್ರೇಶ. ಅವನ ಬೆನ್ನು ಸವರುತ್ತಿದ್ದ ಯಮನೂರಸಾಬ. ಸಾಕ್ಷ್ಯ ಕೂಡಿಡಲು ಹೋಗಿ ಸತ್ತ ಪ್ರಾಮಾಣಿಕನೆಂದು ಈವರೆಗೆ ಅವಳು ಆ ಮನುಷ್ಯನ ಬಗ್ಗೆ ಮರುಗಿದ್ದಳು.

“ಮತ್ತ ಇವನ್ನೆಲ್ಲಾ ಪೆನ್‌ಡ್ರೈವಿಗೆ ಹಾಕಿ ಯಾಕ ಬಚ್ಚಿಟ್ಟಿದ್ದ?”

“ನನ್ನ ಅಂಜಿಸಾಕ. ದಸರಾ ಮುಂದ ಬಂದಿದ್ದ. ಪ್ರಬಂಧದಾಗ ನನ್ನ ಹೆಸರು ನಿಮ್ಮ ಹೆಸರಿನ ಬಾಜೂಕ ಹಾಕ್ರಿ, ಪಿಎಚ್‌ಡಿಗೆ ಸೀಟು ಕೊಡಸ್ರಿ, ಇಲ್ಲಂದ್ರ ಇವು ಕಮಿಟಿಗೆ ಹೋಗ್ತಾವ ಅಂದ. ನಾ ಹೂಂ ಅಂದೆ. ಸೀಟು ಕೊಟ್ಟೂ ಆಗಿತ್ತು. ಜನವರಿಯಾಗ ಸೇರಾಂವ ಇದ್ದ. ಬೇಕಾದ್ರ ಯೂನಿವರ್ಸಿಟಿಯೊಳಗ ಕೇಳ್ರಿ. ಇಷ್ಟ ಆದಮ್ಯಾಲೆ ನಾ ಅವನ್ನ ಯಾಕ ಕೊಲ್ಲಲಿ?”

“ಅಂವ ಸತ್ತ ಶನಿವಾರ ನೀವು ಎಲ್ಲಿದ್ರಿ?”

“ಇಲ್ಲೇ. ಒಂಬತ್ತರಿಂದ ಸಂಜಿತನಕ. ಎಂಬತ್ತು ಮಂದಿ ರೋಗಿಗಳನ್ನ ನೋಡೀನಿ. ಎಂಬತ್ತು ಚೀಟಿ ಮ್ಯಾಲೆ ನನ್ನ ಅಕ್ಷರ ಐತಿ.” ಅವನು ಡಬ್ಬಿಯ ಮುಚ್ಚಳ ಹಾಕಿ ಒತ್ತಿದ. “ನೀವು ತಪ್ಪ ಮನಿಯಾಗ ಹುಡುಕಾಕತ್ತೀರಿ. ಐದು ಹೆಣ ಅದಾವ. ಐದು ಮನಿ ಅದಾವ. ಅದರಾಗ ಯಾರಿಗೋ ಒಬ್ಬರಿಗೆ ಈ ಮೂರು ತಾಸಿಂದು ಗೊತ್ತಾಗೈತಿ. ಅವ್ರನ್ನ ಹಿಡೀರಿ.”

ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ಅದು ಅವಳನ್ನು ಚುಚ್ಚಿತು.

“ಆರನೇ ಹೆಸರೊಂದು ಐತಿ,” ಎಂದಳು. “ಶಿವಬಸಮ್ಮ. ಏಪ್ರಿಲ್‌ತನಕ ಹೇಳಿಸಿಟ್ಟೀರಿ. ಆಕಿ ಎಲ್ಲದಾಳ?”

ರುದ್ರೇಶ ಗೋಡೆಯ ಗಡಿಯಾರ ನೋಡಿದ. ಒಂದು ಇಪ್ಪತ್ತು.

“ಮೂರನೇ ಮಜಲು, ಹದಿನಾಲ್ಕನೇ ಮಂಚ. ಹೋಗ್ರಿ, ಮಾತಾಡ್ರಿ. ಯಾರೂ ತಡಿಯಂಗಿಲ್ಲ. ನಾ ಫೋನ್ ಮಾಡಿ ಹೇಳ್ತೀನಿ.”

ಮೆಟ್ಟಿಲು ಹತ್ತುವಾಗ ಅವಳಿಗೆ ಅದೊಂದೇ ಬಗೆಹರಿಯಲಿಲ್ಲ. ಗಂಡಂದಿರನ್ನೂ ತಾಯಂದಿರನ್ನೂ ದಿನಕ್ಕೆ ಒಂದೇ ತಾಸು ಒಳಗೆ ಬಿಡುವ ವಾರ್ಡಿಗೆ ತನ್ನನ್ನು ಕೇಳಿದ ಕೂಡಲೇ ಯಾಕೆ ಬಿಟ್ಟ?

*

ವಾರ್ಡಿನ ಬಾಗಿಲಲ್ಲಿ ನರ್ಸ್ ಅಬೇದಾಬಿ ಪುಸ್ತಕ ಚಾಚಿದಳು. ನಡುವಯಸ್ಸಿನ, ಕಣ್ಣಡಿ ಕಪ್ಪುಗಟ್ಟಿದ ಹೆಂಗಸು.

“ಹೆಸರು, ವ್ಯಾಳ್ಯಾ ಬರೀರಿ ಮೇಡಂ. ಡಾಕ್ಟ್ರು ಹೇಳ್ಯಾರ, ಬರಸ್ಕೊಂಡ ಬಿಡ್ರಿ ಅಂತ.”

ಸುರೇಖಾ ಬರೆದಳು. ತಲೆಯ ಮೇಲೆ ಕ್ಯಾಮೆರಾದ ಕೆಂಪು ಚುಕ್ಕಿ ಉರಿಯುತ್ತಿತ್ತು.

ಹದಿನಾಲ್ಕನೇ ಮಂಚ ಕಿಟಕಿಯ ಪಕ್ಕದ್ದು. ಸುತ್ತ ಹಸಿರು ಪರದೆ. ಸರಿಸಿ ನೋಡಿದರೆ ಹಾಸಿಗೆಯ ಮೇಲೆ ಸಣ್ಣ ಮಗುವಿನಷ್ಟೇ ಇದ್ದ ಒಂದು ಮೈ. ಶಿವಬಸಮ್ಮ ಯಲಬುರ್ಗಾದ ಸರಕಾರಿ ಸಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳೆಂದು ಕಾಲ ಬಳಿಯ ಹಾಳೆಯಲ್ಲಿ ಬರೆದಿತ್ತು. ವಯಸ್ಸು ಐವತ್ತೆಂಟು. ನೋಡಲು ಎಂಬತ್ತರ ಹಾಗಿದ್ದಳು.

ಸುರೇಖಾಳ ಕೈಯಲ್ಲಿದ್ದ ಫೋನು ಕಂಡದ್ದೇ ಅವಳು ತಲೆ ಎತ್ತಲು ನೋಡಿದಳು. ಆಗಲಿಲ್ಲ. ಮಲಗಿದಲ್ಲಿಂದಲೇ, ಪಾಠ ಒಪ್ಪಿಸುವ ಹುಡುಗಿಯಂತೆ ಶುರು ಮಾಡಿದಳು.

“ನಾನು ಶಿವಬಸಮ್ಮ, ಯಲಬುರ್ಗಾ. ಇದು…” ತಡೆದಳು. “ಯಾವ ತಿಂಗಳ ಹೇಳ್ಲಿ ಯವ್ವ?”

ಸುರೇಖಾ ಫೋನನ್ನು ಚೀಲಕ್ಕೆ ಹಾಕಿದಳು. ಮಂಚದ ಅಂಚಿಗೆ ಕುಳಿತು ಅವಳ ಕೈ ಹಿಡಿದುಕೊಂಡಳು.

“ಯಾವ ತಿಂಗಳೂ ಬ್ಯಾಡವ್ವ. ನೋವು ಭಾಳ ಐತೇನು?”

“ಇಲ್ಲ.” ಶಿವಬಸಮ್ಮ ನಕ್ಕಳು. ಹಲ್ಲಿಲ್ಲದ, ತೃಪ್ತಿಯ ನಗು. “ಇವತ್ತ ಇಲ್ಲ. ನಾಕ ತಿಂಗಳಾದ ಮ್ಯಾಲೆ ಇವತ್ತ ಮೊದಲ ನೋಡು. ಮೈ ಅಂಬೋದು ಹತ್ತಿಯಂಗ ಆಗೇತಿ.”

“ಔಷಧಿ ಕೊಟ್ರೇನು?”

“ಪೂರಾ ಬಾಟ್ಲಿ ಕುಡಿಸಿದ್ಲು ಪುಣ್ಯಾತಗಿತ್ತಿ. ದಿನಾ ಒಂದು ಮುಚ್ಚಳ ಕೊಡಾಕ ಎಷ್ಟ ಅಳಸ್ತಿದ್ರು. ಇವತ್ತ ಬೇಡೋಕ ಮೊದಲ ಕುಡಿಸಿದ್ಲು.”

ಸುರೇಖಾ ಬಗ್ಗಿ ಅವಳ ಕಣ್ಣು ನೋಡಿದಳು. ಕಿಟಕಿಯ ಬೆಳಕು ನೇರ ಮುಖದ ಮೇಲಿತ್ತು. ಪಾಪೆಗಳು ಸಾಸಿವೆಗಿಂತ ಸಣ್ಣದಾಗಿದ್ದವು. ಎದೆ ಒಮ್ಮೆ ಮೇಲೆದ್ದು ಇಳಿಯಿತು. ಮತ್ತೆ ಏಳಲು ಬಹಳ ಹೊತ್ತು ಹಿಡಿಯಿತು.

“ಸಿಸ್ಟರ್,” ಎಂದು ಕೂಗಿದಳು.

ಅಬೇದಾಬಿ ಪರದೆ ಸರಿಸಿದಳು.

“ಈಕಿಗೆ ಔಷಧಿ ಯಾರು ಕೊಟ್ರು?”

“ಕೊಟ್ಟಿಲ್ರಿ. ಮುಂಜಾನಿ ಹತ್ತು ಗಂಟೇದ್ದು ಇನ್ನಾ ಬಾಕಿ ಐತಿ. ಕೀಲಿ ಡಾಕ್ಟ್ರ ಹತ್ರ…” ಅವಳ ಕಣ್ಣು ಶಿವಬಸಮ್ಮನ ತುಟಿಯ ಮೇಲೆ ನಿಂತಿತು. ತುಟಿ ನೀಲಿಗಟ್ಟುತ್ತಿತ್ತು. ದಿಂಬಿನಡಿ ಕೈ ಹಾಕಿದಳು. ಕೈಗೆ ಬಂದ ಬಾಟಲಿಯಲ್ಲಿ ಒಂದು ಹನಿಯೂ ಇರಲಿಲ್ಲ.

“ಇದನ್ನ ಇಳಿಸೋ ಇಂಜೆಕ್ಷನ್ ಇರ್ತೈತಲ್ಲ,” ಎಂದಳು ಸುರೇಖಾ.

ಅಬೇದಾಬಿ ಆಗಲೇ ಓಡುತ್ತಿದ್ದಳು.

ಸುರೇಖಾ ಶಿವಬಸಮ್ಮನ ಕೆನ್ನೆ ತಟ್ಟಿದಳು. “ನಿದ್ದಿ ಮಾಡಬ್ಯಾಡವ್ವ. ಮಾತಾಡು ನನ್ನ ಜೋಡಿ. ಯಾರು ಕುಡಿಸಿದ್ರು?”

“ಒಬ್ಬಾಕಿ ಹೆಣ್ಣಮಗಳು. ಛಲೋ ಸೀರಿ ಉಟ್ಟಿದ್ಲು. ಮುಂಜಾನಿ ಚಾ ಬರೋ ಹೊತ್ತಿಗೆ ಬಂದು ಹೇಳಿಸ್ಕೊಂಡು ಹೋದ್ಲು. ಈಗ ಹನ್ನೆರಡಕ್ಕ ಮತ್ತ ಬಂದ್ಲು, ಕುಡಿಸಾಕ.”

“ಏನ ಹೇಳಿಸ್ಕೊಂಡ್ಲು?”

“ಇವತ್ತ ಬ್ಯಾರೆ ಇತ್ತು. ಗುಳಿಗಿದಲ್ಲ.” ಶಿವಬಸಮ್ಮ ಕಣ್ಣು ಮುಚ್ಚಿ ನೆನಪಿಸಿಕೊಂಡಳು. “ಸುರೇಖಾ ಅನ್ನಾಕಿ ನನ್ನ ಹತ್ರ ಬಂದಿದ್ಲು. ಡಾಕ್ಟ್ರ ಮ್ಯಾಲೆ ಸುಳ್ಳ ಹೇಳು ಅಂತ ಅಂಜಿಸಿದ್ಲು. ನಾ ಒಲ್ಲೆ ಅಂದೆ. ಅದಕ್ಕ ಸಿಟ್ಟಿಲೆ ಏನೋ ಕುಡಿಸಿದ್ಲು. ಹಿಂಗ ಅನ್ನು ಅಂದ್ಲು. ಮೂರ ಸಲ ಅಂದೆ. ಎರಡ ಸಲ ಹೆಸರ ತಪ್ಪಿತು.”

ಸುರೇಖಾ ಪರದೆಯ ಸಂದಿನಿಂದ ಬಾಗಿಲ ಕಡೆ, ತಾನು ಹೆಸರು ಬರೆದು ಬಂದ ಪುಸ್ತಕದ ಕಡೆ ತಿರುಗಿ ನೋಡಿದಳು.

“ಆಕಿ ಯಾರೋ ಏನೋ, ಸುರೇಖಾ,” ಎಂದಳು ಶಿವಬಸಮ್ಮ. ಮಾತು ಎಳೆಎಳೆಯಾಗಿ ಬರುತ್ತಿತ್ತು. “ನನ್ನ ಮಾತಿನಿಂದ ಆಕಿಗೇನೂ ತ್ರಾಸ ಆಗಂಗಿಲ್ಲಲ್ಲ ಯವ್ವ? ನಾ ಔಷಧಿ ಆಸೆಕ ಹೇಳಿದೆ.”

“ಇಲ್ಲವ್ವ. ಏನೂ ಆಗಂಗಿಲ್ಲ. ಕಣ್ಣ ತೆರಿ.”

ಮುಂಜಾನೆ ಚಹಾದ ಹೊತ್ತಿಗೆ ಸುರೇಖಾ ಬೇವೂರಿನ ದಾರಿಯಲ್ಲಿದ್ದಳು. ಪೆನ್‌ಡ್ರೈವ್ ಸಿಕ್ಕಿದೆ, ಬೇವೂರು ಮುಗಿಸಿ ನೇರ ಕೇಂದ್ರಕ್ಕೆ ಹೋಗುತ್ತೇನೆ ಎಂದು ಆರು ಗಂಟೆಗೆ ಫೋನಿನಲ್ಲಿ ಒಬ್ಬರಿಗೆ ಮಾತ್ರ ಹೇಳಿದ್ದಳು. ಗಂಡನ ಸಾವಿಗೆ ಕಾರಣ ಹುಡುಕಿಕೊಡಿ ಎಂದು ಕೈ ಮುಗಿದವಳಿಗೆ ಅಷ್ಟನ್ನೂ ಹೇಳದಿರುವುದು ಹೇಗೆ ಅಂದುಕೊಂಡು.

ಚೀಲದಲ್ಲಿ ಫೋನು ಅದುರಿತು.

ಬಲಗೈ ಶಿವಬಸಮ್ಮನ ಕೈಯಲ್ಲಿತ್ತು. ಎಡಗೈಯಿಂದ ಎತ್ತಿಕೊಂಡಳು.

“ಮೇಡಂ, ಆಸ್ಪತ್ರಿಗೆ ಮುಟ್ಟಿದ್ರೇನ್ರಿ?” ವಾಣಿಶ್ರೀಯ ದನಿ ಎಂದಿನಂತೆ ಮೆಲ್ಲಗಿತ್ತು, ಪಾಠ ಹೇಳುವವರ ದನಿ. “ಹದಿನಾಲ್ಕನೇ ಮಂಚದಾಕಿ ಏನರ ಮಾತಾಡಿದ್ಲೇನ್ರಿ?”

ಮಂಚದ ಅಂಕಿ ಸುರೇಖಾಳಿಗೇ ತಿಳಿದು ಕಾಲು ತಾಸು ಆಗಿರಲಿಲ್ಲ. ಒಳ್ಳೆಯ ಸೀರೆ ಉಟ್ಟು ಬಂದವಳು ಯಾರು, ಪೆನ್‌ಡ್ರೈವ್ ಹುಡುಕಲು ಅವಳು ತನ್ನನ್ನು ಯಾಕೆ ಹಚ್ಚಿದಳು, ರುದ್ರೇಶ ತನ್ನನ್ನು ಯಾಕೆ ಒಳಗೆ ಬಿಟ್ಟ ಎಂಬುದು ಒಮ್ಮೆಲೇ ಅರ್ಥವಾಯಿತು.

ಪರದೆ ಸರಿಯಿತು. ಅಬೇದಾಬಿ ಬರಿಗೈಯಲ್ಲಿ ನಿಂತಿದ್ದಳು. ಏದುಸಿರಿಗೆ ಮಾತು ಹೊರಡುತ್ತಿರಲಿಲ್ಲ.

“ಇಂಜೆಕ್ಷನ್ ಇರೋ ಕಪಾಟಿಗೂ ಕೀಲಿ ಹಾಕ್ಯಾರ್ರಿ. ಎಂದೂ ಹಾಕ್ತಿದ್ದಿಲ್ಲ. ಡಾಕ್ಟ್ರು ಈಗ ಗಾಡಿ ತೊಗೊಂಡು ಹೋಗ್ಯಾರಂತ.”

ಸುರೇಖಾಳ ಅಂಗೈಯಲ್ಲಿದ್ದ ಬೆರಳುಗಳ ಹಿಡಿತ ಸಡಿಲಾಯಿತು. ಶಿವಬಸಮ್ಮನ ಎದೆ ಇಳಿದಿತ್ತು. ಅದು ಮತ್ತೆ ಏಳಲೆಂದು ಅವಳು ನೋಡುತ್ತ ಕುಳಿತಳು.

ಫೋನಿನ ಆಚೆ ತುದಿಯಲ್ಲಿ ವಾಣಿಶ್ರೀ ಉತ್ತರಕ್ಕೆ ಕಾಯುತ್ತಿದ್ದಳು.